ಕುದಿಸಿ ಉಳಿಸಿಕೊಂಡ ಗಹೇಂದ್ರ ಬಂದೂಕು

ಬ್ಯಾರೆಲ್ ಕುದಿಸಿ ಕೆಂಪು ತುಕ್ಕನ್ನು ಕಪ್ಪು ಮಾಡ್ತೀನಿ ಅಂದಾಗ ಯಾರೂ ನಂಬಲಿಲ್ಲ. ಇಲ್ಲಿ ಒಹಾಯೋದಲ್ಲಿ ನನಗಿಂತ ಮೊದಲಿನಿಂದ ಹಳೇ ಬಂದೂಕು ಕೂಡಿಡುತ್ತಿರುವ ಹಿರಿಯರೊಬ್ಬರು, "ನೀರು ಮುಟ್ಟಿಸಿದರೆ ಮುಗೀತು. ಎಣ್ಣೆ ಹಚ್ಚಿ ಸುಮ್ನೆ ಇಟ್ಟುಬಿಡಿ" ಅಂದಿದ್ದರು. ಹೋದ ತಿಂಗಳು ಅವರೇ ನನ್ನ ಗಹೇಂದ್ರವನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಹಳೇ ಸ್ನೈಡರ್ ಬಂದೂಕು ಯಾವಾಗ ತರಲಿ ಅಂತ ಕೇಳಿದರು. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಗಹೇಂದ್ರ ಅಂದರೆ ನೇಪಾಳದ ಒಂದು ಹಳೇ ಬಂದೂಕು. ಹೊರಗಿನಿಂದ ನೋಡಿದರೆ ಬ್ರಿಟಿಷರ ಮಾರ್ಟಿನಿ-ಹೆನ್ರಿ ಬಂದೂಕಿನ ಹಾಗೇ, ಬಿಚ್ಚಿದರೆ ಬೇರೆಯೇ. ಮಾರ್ಟಿನಿಯ ಸುರುಳಿ ಸ್ಪ್ರಿಂಗ್ ಇದರಲ್ಲಿ ಇಲ್ಲ, ಪಟ್ಟಿ ಸ್ಪ್ರಿಂಗ್. ನೇಪಾಳದ ಜನರಲ್ ಗಹೇಂದ್ರ ಶಂಶೇರ್ ರಾಣಾ 1880ರ ದಶಕದಲ್ಲಿ ಮಾಡಿಸಿದ್ದು. ಒಂದೊಂದು ತುಂಡೂ ಕೈಯಿಂದ ಅರ ಹಾಕಿ ಕೂಡಿಸಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಕಠ್ಮಂಡುವಿನ ಲಗನ್ ಸಿಲೇಖಾನಾ ಅನ್ನೋ ಹಳೇ ಆಯುಧಾಗಾರದಲ್ಲಿ ಬಿದ್ದಿದ್ದ ಸಾವಿರಾರು ಬಂದೂಕುಗಳು 2003ರಲ್ಲಿ ಅಮೆರಿಕಕ್ಕೆ ಬಂದವು, ನನ್ನದೂ ಆ ಗಂಟಿನದೇ. 1898 ಅಥವಾ ಅದಕ್ಕೂ ಹಿಂದೆ ಮಾಡಿದ್ದು ಇಲ್ಲಿನ ಕೇಂದ್ರ ಕಾನೂನಿನಲ್ಲಿ ಆಂಟೀಕ್, ಮನೆಗೇ ಪಾರ್ಸೆಲ್ ಬರುತ್ತೆ. ರಾಜ್ಯದ ಕಾನೂನು ಬೇರೆ ಇರಬಹುದು, ಅದನ್ನು ನೋಡಿಕೊಂಡೇ ಕೊಳ್ಳಿ.

ಸಾಗಣೆ ಸೇರಿ ಸುಮಾರು 260 ಡಾಲರ್ ಕೊಟ್ಟೆ. ಪೆಟ್ಟಿಗೆ ತೆಗೆದಾಗ ಕಂಡದ್ದು ಗಟ್ಟಿ ಕಟ್ಟಿದ ಗ್ರೀಸು, ಧೂಳು, ಅದರ ಕೆಳಗೆ ಕೆಂಪು ತುಕ್ಕು. ವಾಸನೆ ಗ್ಯಾರೇಜು ತುಂಬಿ ಅಡುಗೆಮನೆಯವರೆಗೂ ಬಂತು. ಹೆಂಡತಿ ನಾಲ್ಕು ದಿನ ಆ ಬಾಗಿಲು ತೆರೆಯಲಿಲ್ಲ.

ಕುದಿಸುವುದಕ್ಕೆ ಬರುವ ಮೊದಲು ಎರಡು ಬಂದೂಕು ಕೆಡಿಸಿದ್ದೆ. ಒಂದನ್ನು ವಾಷಿಂಗ್ ಸೋಡಾ ನೀರಿನಲ್ಲಿ ಇಳಿಸಿ ಬ್ಯಾಟರಿ ಚಾರ್ಜರ್ ಕೊಟ್ಟು ರಾತ್ರಿಯಿಡೀ ಬಿಟ್ಟೆ. ತುಕ್ಕೇನೋ ಹೋಯ್ತು, ಜೊತೆಗೆ ನೂರು ವರ್ಷದ ಕಪ್ಪೂ ಹೋಯ್ತು. ಬೂದು ಬಣ್ಣದ ಬೋಳು ಕಬ್ಬಿಣ ಉಳಿಯಿತು. 300ಕ್ಕೆ ಕೊಂಡದ್ದನ್ನು 170ಕ್ಕೆ ಮಾರಿದೆ ಅಂತ ನೆನಪು. ಇನ್ನೊಂದು ನೇಪಾಳಿ ಸ್ನೈಡರ್. ಅದರ ಮರದ ಹಿಂತುದಿಯಲ್ಲಿರುವ ಹಿತ್ತಾಳೆ ಪಟ್ಟಿಗೆ ಮನೆಯಲ್ಲಿ ದೇವರ ಸಾಮಾನು ಉಜ್ಜುವ ಹಾಗೆ ಹುಣಸೆಹಣ್ಣು ಹಚ್ಚಿ ಮರೆತುಬಿಟ್ಟೆ. ಹುಳಿ ಸತುವನ್ನು ತಿಂದು, ಅಲ್ಲಲ್ಲಿ ತಾಮ್ರದ ಗುಲಾಬಿ ಬಣ್ಣ ಎದ್ದಿತ್ತು. ಅದು ಈಗಲೂ ಹಾಗೇ ಇದೆ. ಹಿತ್ತಾಳೆಗೆ ಈಗ ನಾನು ಬರೀ ಬಟ್ಟೆ ಮಾತ್ರ ಮುಟ್ಟಿಸುತ್ತೇನೆ.

ಕುದಿಸುವುದು ಯಾಕೆ ಅಂದರೆ, ತುಕ್ಕನ್ನು ಕೀಳಬೇಕಾಗಿಲ್ಲ. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪಾಗಿ ಕಬ್ಬಿಣಕ್ಕೇ ಅಂಟಿಕೊಳ್ಳುತ್ತದೆ. ಸಡಿಲ ಪುಡಿಯನ್ನಷ್ಟೇ ಉಜ್ಜಿ ತೆಗೆದರೆ ಸಾಕು, ಕಬ್ಬಿಣದ ಮೇಲೆ ಒತ್ತಿದ ಅಂಕಿ-ಮುದ್ರೆ ಉಳಿಯುತ್ತೆ.

ತೊಟ್ಟಿಗೇ ಜಾಸ್ತಿ ಖರ್ಚು. ಮೊದಲು ಕೊಂಡ ತಗಡಿನ ತೊಟ್ಟಿ ಬಿಸಿಗೆ ಬಾಗಿ ಸೋರಿತು. ಆಮೇಲೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮೂರಡಿಗಿಂತ ತುಸು ಉದ್ದಕ್ಕೆ ಬೆಸುಗೆ ಹಾಕಿಸಿದೆ, 110 ಡಾಲರ್. ಕೆಳಗೆ ಎರಡು ಬರ್ನರಿನ ಕ್ಯಾಂಪ್ ಒಲೆ. ನೀರು ಡಿಸ್ಟಿಲ್ಡ್ ಆಗಿರಲೇಬೇಕು. ಒಮ್ಮೆ ನಲ್ಲಿ ನೀರು ಹಾಕಿ, ಬ್ಯಾರೆಲ್ ತುಂಬ ಬಿಳಿ ಮಚ್ಚೆ ಎದ್ದಿತು.

ಗ್ರೀಸನ್ನು ಅಂಗಳದಲ್ಲಿ, ಒಲೆ ಹಚ್ಚುವ ಮೊದಲೇ, ಅಸಿಟೋನಿನಲ್ಲಿ ಪೂರ್ತಿ ತೆಗೆಯಿರಿ. ಸ್ವಲ್ಪ ಉಳಿದರೂ ನೀರಿನ ಮೇಲೆ ಎಣ್ಣೆ ತೇಲುತ್ತೆ, ಬ್ಯಾರೆಲ್ ಎತ್ತುವಾಗ ಮತ್ತೆ ಅದಕ್ಕೇ ಮೆತ್ತಿಕೊಳ್ಳುತ್ತೆ. ಉಜ್ಜಲು ಬಳಸುವ ನಾಲ್ಕು ಸೊನ್ನೆಯ (0000, ಅತಿ ನುಣುಪಾದ) ಸ್ಟೀಲ್ ವೂಲಿನಲ್ಲೂ ಅಂಗಡಿಯ ಎಣ್ಣೆ ಇರುತ್ತೆ, ಅದನ್ನೂ ತೊಳೆಯಿರಿ. ನನ್ನ ಎರಡು ವಾರ ಹಾಳಾದದ್ದು ಇದೊಂದು ಗೊತ್ತಿಲ್ಲದೆ.

ಅರ್ಧ ಗಂಟೆ ಕುದಿಸಿ ಎತ್ತಿದಾಗ ಬ್ಯಾರೆಲ್ ಮೇಲೆ ಕಪ್ಪು ಮಖಮಲ್ ಹಾಸಿದ ಹಾಗಿತ್ತು. ಬಿಸಿಗೆ ನೀರು ತಾನೇ ಆರಿತು. ಮೆಲ್ಲಗೆ ಉಜ್ಜಿದೆ, ಮತ್ತೆ ಕುದಿಸಿದೆ. ನಾಲ್ಕೋ ಐದೋ ಸುತ್ತು. ಮೂರನೇ ಸುತ್ತಿನಲ್ಲಿ ದೇವನಾಗರಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು: 1945. ಜೊತೆಗಿದ್ದ ಗೆಳೆಯ, "ಲೋ, ಎರಡನೇ ಮಹಾಯುದ್ಧದ್ದು ಕಣೋ, ಮೋಸ ಹೋದೆ" ಅಂದ. ಅದು ನೇಪಾಳದಲ್ಲಿ ಬಳಸುವ ವಿಕ್ರಮ ಸಂವತ್ ವರ್ಷ. 57 ಕಳೆದರೆ 1888. ಶಾಲೆಯಲ್ಲಿ ಕಲಿತ ಹಿಂದಿ ಆವತ್ತು ಉಪಯೋಗಕ್ಕೆ ಬಂತು. ಇಲ್ಲಿನವರು ಬರೀ ಗೀರು ಅಂದುಕೊಳ್ಳುವುದನ್ನು ನಾನು ಓದಬಲ್ಲೆ. ಇದರಿಂದಲೇ ಎರಡು ಒಳ್ಳೇ ಬಂದೂಕು ಅಗ್ಗಕ್ಕೆ ಸಿಕ್ಕಿವೆ.

ಹಿಡಿದುಕೊಂಡ ಸ್ಕ್ರೂ ಬಿಡಿಸಲು ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಮೂರು ವರ್ಷ ಹಿಡಿದಿದೆ. ಸ್ಕ್ರೂಡ್ರೈವರಿನ ತುದಿಯನ್ನು ಪ್ರತಿ ಸ್ಕ್ರೂವಿನ ಸೀಳಿಗೆ ತಕ್ಕಂತೆ ಉಜ್ಜಿಕೊಳ್ಳಿ, ಇಷ್ಟು ಹೇಳಬಲ್ಲೆ. ಬಂದೂಕಿನ ಮರ ಹೀರಿಕೊಂಡಿದ್ದ ಹಳೇ ಎಣ್ಣೆ ತೆಗೆಯಲು ಸುಣ್ಣದಕಲ್ಲಿನ ನುಣ್ಣನೆ ಬಿಳಿ ಪುಡಿ ಕಲಸಿ ಬಳಿದು ಬಿಸಿಲಿಗಿಟ್ಟೆ. ಆರು ಸಲ ಬಳಿದ ಮೇಲೆ ಪುಡಿ ಕಂದಾಗುವುದು ನಿಂತಿತು. ಆಮೇಲೆ ಅಗಸೆ ಎಣ್ಣೆ.

ಇದನ್ನು ಹಾರಿಸುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕೈಯಲ್ಲಿ ಮಾಡಿದ ನೂರಮೂವತ್ತು ವರ್ಷದ ಉಕ್ಕನ್ನು ಕೆನ್ನೆಯ ಪಕ್ಕ ಇಟ್ಟು ಪರೀಕ್ಷೆ ಮಾಡುವ ಆಸೆ ನನಗಿಲ್ಲ.

ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಬಂದೂಕು ಒರೆಸಿ ಪೂಜೆಗಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಸೆಪ್ಟೆಂಬರ್ 3ಕ್ಕೆ ಇಲ್ಲಿ ಆ ಹೂ ಸಿಗಲಿಲ್ಲ. ಹಿತ್ತಲಿನ ಕಿತ್ತಳೆ ಬಣ್ಣದ ಡೇಲಿಲಿ ಒಂದನ್ನು ಗಹೇಂದ್ರಕ್ಕೆ ಇಟ್ಟು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಅಜ್ಜನ ಬಂದೂಕಿನ ಹಾಗೇ ಹೊಳೀತಿದೆ ಮಗಾ" ಅಂದರು.

ಈಗ ತೊಟ್ಟಿಯ ಪಕ್ಕ ಬ್ರನ್ಸ್‌ವಿಕ್ ಅನ್ನೋ ಇನ್ನೊಂದು ಹಳೇ ಬಂದೂಕು ಕಾಯುತ್ತಿದೆ. ಮೊನ್ನೆ ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಗ್ರೀಸಿನ ಹಿಂದೆ, ಬ್ರನ್ಸ್‌ವಿಕ್‌ಗೇ ವಿಶೇಷವಾದ ಎರಡು ಅಗಲ ತೋಡುಗಳು ತುದಿಯವರೆಗೂ ಕಂಡವು.