ಗೋಡೆಗೆ ಬಣ್ಣ ಆರಿಸುವ ಮುನ್ನ ರಟ್ಟಿಗೆ ಬಳಿದು ನೋಡಿ

ಬಣ್ಣದ ಮಾದರಿಯನ್ನು ನೇರವಾಗಿ ಗೋಡೆಗೆ ಬಳಿಯಬೇಡಿ. ಎರಡು ಅಡಿ ಅಗಲದ ದಪ್ಪ ಬಿಳಿ ರಟ್ಟಿಗೆ ಎರಡು ಕೋಟ್ ಬಳಿಯಿರಿ, ಸುತ್ತಲೂ ಎರಡು ಇಂಚು ಬಿಳಿ ಅಂಚು ಉಳಿಸಿ, ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಒಯ್ದು ನಿಲ್ಲಿಸಿ ನೋಡಿ. ಹೊಸ ಬಣ್ಣವನ್ನು ಕಣ್ಣು ಸುತ್ತಲಿನ ಹಳೆಯ ಬಣ್ಣದೊಂದಿಗೆ ಹೋಲಿಸಿಯೇ ಅಳೆಯುತ್ತದೆ. ಹಳದಿ ಗೋಡೆಯ ನಡುವೆ ಬಳಿದ ತಿಳಿ ಬೂದು ಬಣ್ಣ ನೀಲಿಯಂತೆ ಕಾಣುವುದು ಇದರಿಂದಲೇ; ಬಿಳಿ ಅಂಚು ಆ ಮೋಸವನ್ನು ತಗ್ಗಿಸುತ್ತದೆ. ಕಿಟಕಿ ಇರುವ ಗೋಡೆ, ಅದರ ಎದುರಿನ ಗೋಡೆ, ಸೋಫಾದ ಹಿಂದಿನ ಮೂಲೆ, ಒಂದೊಂದು ಕಡೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಹಗಲಿನಲ್ಲಿ ನೋಡಿದರೆ ಸಾಲದು, ರಾತ್ರಿ ನೀವು ನಿತ್ಯ ಉರಿಸುವ ದೀಪದಲ್ಲಿ ನೋಡಲೇಬೇಕು: 2700 ಕೆಲ್ವಿನ್‌ನ (ಕೆಲ್ವಿನ್ ಎಂದರೆ ಬಲ್ಬಿನ ಬೆಳಕಿನ ಬಣ್ಣದ ಅಳತೆ) ಬಲ್ಬ್ ಬೂದು ಬಣ್ಣಕ್ಕೆ ಹಳದಿ ಛಾಯೆ ಕೊಟ್ಟರೆ, 6500 ಕೆಲ್ವಿನ್‌ನದು ಅದನ್ನೇ ನೀಲಿಯತ್ತ ಎಳೆಯುತ್ತದೆ. ರಟ್ಟನ್ನು ನೆಲದ ಮೇಲೆ ಮಲಗಿಸಿ ನೋಡುವುದರಿಂದ ಪ್ರಯೋಜನವಿಲ್ಲ, ಬೆಳಕು ಬೀಳುವ ಕೋನವೇ ಬೇರೆ. ಕಡು ಹಳದಿ, ಕೆಂಪಿನಂಥ ಬಣ್ಣಗಳಲ್ಲಿ ಈ ಉಪಾಯವನ್ನು ಪೂರ್ತಿ ನಂಬಬೇಡಿ. ನಾಲ್ಕೂ ಗೋಡೆಗೆ ಬಳಿದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಪ್ರತಿಫಲಿಸಿ ರಟ್ಟಿನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ಒಂದು ಛಾಯೆ ತಿಳಿಯಾದದ್ದನ್ನೇ ಆರಿಸಿ. ಒರಟು ಗಾರೆಯ ಗೋಡೆಗೂ ನುಣುಪಾದ ರಟ್ಟು ಸರಿಯಾದ ಅಂದಾಜು ಕೊಡುವುದಿಲ್ಲ.