ಸ್ಕೂಲಿನ ಪಾಠ ಹಂಚಿಕೆ ನನ್ನ ಗೋಡೆಗೆ ಬಂದ ಮೇಲೆ

ತಿಪಟೂರು ಕಡೆಯ ಒಂದು ಹಳ್ಳಿಯ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ನಾನು ಮೇಲ್ವಿಚಾರಕಿ. ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತಿದೆ, ಜನರ ಬಾಯಲ್ಲಿ ಈಗಲೂ ಲೈಬ್ರರಿಯೇ. ದೊಡ್ಡವರಿಗೆ ನಾನು ‘ಲೈಬ್ರರಿಯಮ್ಮ’, ಮಕ್ಕಳಿಗೆ ‘ಲೈಬ್ರರಿ ಅಕ್ಕ’.

ಶುರುವಿನ ವರ್ಷಗಳಲ್ಲಿ ನನ್ನನ್ನು ಅಕ್ಕ ಅನ್ನುವವರೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಾಲ್ಕು ಜನ ಹಿರಿಯರು ಜಗಲಿ ಮೇಲೆ ಕೂತಿರುತ್ತಿದ್ದರು. ಅವರಿಗೆ ಬೇಕಾದ್ದು ಪೇಪರ್. ಒಬ್ಬರು ಮೊದಲ ಪುಟ, ಒಬ್ಬರು ಕ್ರೀಡೆ, ಒಬ್ಬರು ಕೊಬ್ಬರಿ ರೇಟು. ಹತ್ತು ಗಂಟೆಗೆ ಎಲ್ಲ ಖಾಲಿ. ಎರವಲು ರಿಜಿಸ್ಟರಿನಲ್ಲಿ ಇಡೀ ತಿಂಗಳಿಗೆ ಏಳೋ ಎಂಟೋ ಸಹಿ. ಸ್ಕೂಲು ಇರುವುದು ರಸ್ತೆಯ ಆ ಕಡೆ. ಬೆಲ್ಲು ಹೊಡೆದರೆ ನನ್ನ ಟೇಬಲ್ಲಿಗೆ ಕೇಳುತ್ತದೆ. ಆದರೂ ಒಂದು ಮಗು ಬರುತ್ತಿರಲಿಲ್ಲ.

2019ರಲ್ಲಿ ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಾನೂ ಮನೆಮನೆ ತಿರುಗಿ ಕಾರ್ಡ್ ಮಾಡಿಸಿದೆ. ‘ದುಡ್ಡು ಕಟ್ಟಬೇಕೇನಮ್ಮ?’ ಅಂತ ಕೇಳಿದವರಿಗೆ, ‘ಆಗಲೇ ಕಟ್ಟಿದ್ದೀರಲ್ಲ, ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಹೋಗುತ್ತೆ’ ಅನ್ನುತ್ತಿದ್ದೆ. ಈ ಮಾತು ಚೆನ್ನಾಗಿ ನಾಟುತ್ತಿತ್ತು. ಕಾರ್ಡುಗಳ ಕಟ್ಟು ದಪ್ಪ ಆಯಿತು, ಫೋಟೊ ತೆಗೆದು ಮೇಲಕ್ಕೆ ಕಳಿಸಿದ್ದೂ ಆಯಿತು. ಶಾಲೆ ಮತ್ತೆ ತೆರೆಯಿತು ನೋಡಿ, ಮಕ್ಕಳು ಮಾಯ.

ಯಾಕೆ ಅಂತ ನನಗೆ ಹೊಳೆದದ್ದು ತಡವಾಗಿ. ಮಕ್ಕಳು ಸ್ಕೂಲು ಬಿಟ್ಟು ಬರುವುದು ನಾಲ್ಕೂವರೆಗೆ. ಆಮೇಲೆ ಹಸು ಹೊಡ್ಕೊಂಡು ಬರಬೇಕು, ನೀರು ಹಿಡಿಯಬೇಕು, ಕೆಲವರಿಗೆ ಟ್ಯೂಷನ್. ಸೋಮವಾರ ನಮಗೆ ರಜ. ಅಂದರೆ ನನ್ನ ಟೈಮು, ಅವರ ಟೈಮು ಎಲ್ಲೂ ಕೂಡುವುದೇ ಇಲ್ಲ. ‘ಮಕ್ಕಳಿಗೆ ಓದುವ ಹವ್ಯಾಸ ಹೋಯ್ತು, ಮೊಬೈಲ್ ಬಂತು’ ಅಂತ ನಾನೂ ಎಲ್ಲರ ಹಾಗೆ ಗೊಣಗುತ್ತಿದ್ದೆ. ಸುಮ್ನೆ ಮೊಬೈಲ್ ಮೇಲೆ ಹಾಕಿದ್ದು.

ಒಂದು ದಿನ ಯಾವುದೋ ಸಹಿಗೆ ಸ್ಕೂಲಿಗೆ ಹೋದೆ. ಎಚ್‌ಎಂ ತರಗತಿಯಲ್ಲಿದ್ದರು. ಕಾಯುತ್ತಾ ಆಫೀಸ್ ರೂಮಿನ ಗೋಡೆ ನೋಡುತ್ತಿದ್ದೆ. ಅಲ್ಲಿ ವರ್ಷದ ಪಾಠ ಹಂಚಿಕೆ ಅಂಟಿಸಿದ್ದರು. ಜೂನ್‌ನಲ್ಲಿ ಯಾವ ಪಾಠ, ಜುಲೈನಲ್ಲಿ ಯಾವುದು, ಎಫ್‌ಎ-1 ಅನ್ನುವ ಮೊದಲ ಕಿರುಪರೀಕ್ಷೆ ಯಾವಾಗ, ದಸರಾ ರಜಕ್ಕೆ ಮುಂಚೆ ಎಷ್ಟು ಮುಗಿಯಬೇಕು, ಎಲ್ಲ ಇತ್ತು. ಆರನೇ ಕ್ಲಾಸಿಗೆ ಮುಂದಿನ ವಾರ ಸೌರವ್ಯೂಹ. ನನ್ನ ಬೀರುವಿನಲ್ಲಿ ಗ್ರಹಗಳ ಬಗ್ಗೆ ಚಿತ್ರ ಇರುವ ಐದು ಪುಸ್ತಕ ಮುಟ್ಟುವವರಿಲ್ಲದೆ ಕೂತಿದ್ದವು. ಫೋನಿನಲ್ಲಿ ಆ ಹಾಳೆಯ ಫೋಟೊ ತೆಗೆದುಕೊಂಡೆ. ಬರುವಾಗ ಒಂದು ಜೆರಾಕ್ಸ್ ಮಾಡಿಸಿ ನನ್ನ ಟೇಬಲ್ ಹಿಂದಿನ ಗೋಡೆಗೆ ಅಂಟಿಸಿದೆ. ಮಾಡಿದ ಬದಲಾವಣೆ ಅಂತ ಹೇಳುವುದಾದರೆ ಅದೊಂದೇ. ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ತರಕಾರಿ ಮಂಡಿಯಿಂದ ಎರಡು ಹಳೇ ಟೊಮ್ಯಾಟೊ ಕ್ರೇಟ್ ತಂದು ತೊಳೆದೆ. ಒಂದರಲ್ಲಿ ಮೂವತ್ತು ತೆಳು ಪುಸ್ತಕ ಆರಾಮಾಗಿ ನಿಲ್ಲುತ್ತವೆ. ಮುಂದಿನ ಮೂರು ವಾರದ ಪಾಠ ನೋಡಿ ಪುಸ್ತಕ ತುಂಬಿ, ಶನಿವಾರ ಬೆಳಗಿನ ಸ್ಕೂಲು ಬಿಡುವ ಮುಂಚೆ ಹೊತ್ತುಕೊಂಡು ಹೋಗುವುದು ಅಂತ ಯೋಚನೆ. ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಖುಷಿಪಟ್ಟರು, ಪುಟ ತಿರುವಿದರು, ಆಮೇಲೆ ವಾಪಸ್ ಕ್ರೇಟಿಗೇ ಇಟ್ಟರು.

‘ಬೇಡಮ್ಮ. ಕಳೆದುಹೋದರೆ ನನ್ನ ತಲೆಗೆ ಬರುತ್ತೆ.’

ಇದು ಅವರೊಬ್ಬರ ಭಯ ಅಲ್ಲ. ಎಷ್ಟೋ ಸ್ಕೂಲುಗಳಲ್ಲಿ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವುದು ಇದಕ್ಕೇ. ವರ್ಗ ಆದಾಗ ಚಾರ್ಜ್ ಕೊಡಬೇಕು, ಲೆಕ್ಕ ಸರಿ ಇರಬೇಕು. ಮಗು ಓದಿ ಹರಿದರೆ ತಪ್ಪು, ಗೆದ್ದಲು ತಿಂದರೆ ಯಾರದೂ ತಪ್ಪಲ್ಲ. ನಾನು ಅಲ್ಲೇ ಹೇಳಿಬಿಟ್ಟೆ: ‘ಸಾರ್, ನಿಮ್ಮ ಹೆಸರಿಗೆ ಒಂದೂ ಬರೆಯಲ್ಲ. ಮಕ್ಕಳ ಕಾರ್ಡ್ ಇದೆಯಲ್ಲ, ಅವರವರ ಹೆಸರಿಗೇ ಬರೀತೀನಿ.’ ಹೊಲಿಗೆ ಹಾಕಿದ ಒಂದು ಬಿಳಿ ಹಾಳೆ ನೋಟ್‌ಬುಕ್ ಕ್ರೇಟಿನಲ್ಲೇ ಇಟ್ಟೆ. ಕ್ಲಾಸ್ ಲೀಡರ್ ಬರೆದುಕೊಳ್ಳುತ್ತಾಳೆ, ನಾನು ಶನಿವಾರ ನನ್ನ ರಿಜಿಸ್ಟರಿಗೆ ಇಳಿಸಿಕೊಳ್ಳುತ್ತೇನೆ. ಮೊದಲ ಕ್ರೇಟಿನ ಮೂವತ್ತರಲ್ಲಿ ಇಪ್ಪತ್ತೆಂಟು ಬಂದವು. ಒಂದು ತಿಂಗಳು ಬಿಟ್ಟು ಇನ್ನೊಂದು ಬಂತು. ಉಳಿದ ಒಂದು ಯಾರದೋ ಅಜ್ಜಿ ಮನೆಗೆ ಹೋಗಿ ಅಲ್ಲೇ ಉಳಿದಿದೆಯಂತೆ. ಇರಲಿ.

ಹರಿದು ಬಂದದ್ದಕ್ಕೆ ದಂಡ ಇಲ್ಲ, ಅಂಟಿಸಿಕೊಡಬೇಕು. ಗೋಂದು ನಾನೇ ಕಾಯಿಸುತ್ತೇನೆ. ಮೈದಾ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಗಂಟು ಉಳಿದರೆ ಪುಟದ ಕೆಳಗೆ ಉಬ್ಬು ನಿಲ್ಲುತ್ತದೆ. ಪುಸ್ತಕದ ಬೆನ್ನಿಗೆ ಬಟ್ಟೆ ಪಟ್ಟಿ ಕೂರಿಸುವ ಗೋಂದಿಗೆ ಮಾತ್ರ ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ. ಅದು ವಿಷ, ಆ ಕೆಲಸ ನನ್ನದೇ, ಆ ಪಾತ್ರೆ ಅಡುಗೆಮನೆಗೆ ಹೋಗುವುದಿಲ್ಲ. ಮಕ್ಕಳು ಅಂಟಿಸುವ ದಿನ ಬರೀ ಮೈದಾ. ಬ್ಯಾಗಿಲ್ಲದ ಶನಿವಾರ ಅಂತ ಬರುತ್ತದಲ್ಲ, ಅವತ್ತು ಸ್ಕೂಲಿನವರೇ ಹತ್ತು ಮಕ್ಕಳನ್ನು ಕಳಿಸುತ್ತಾರೆ. ಅಂಟಿಸಿದ ಪುಸ್ತಕ ಒಣಗುವವರೆಗೆ ಇಟ್ಟಿಗೆ ಕೆಳಗೆ ಇಡಬೇಕು. ಆ ಹೊತ್ತಿನಲ್ಲಿ ಮಕ್ಕಳು ಬೇರೆ ಪುಸ್ತಕ ಎತ್ತಿಕೊಂಡು ಕೂರುತ್ತಾರೆ. ಓದಿ ಅಂತ ನಾನು ಹೇಳಿದರೆ ಅಷ್ಟು ಓದುತ್ತಿರಲಿಲ್ಲ.

ನಲಿಕಲಿ ಮಿಸ್ ಬಂದಾಗ ಮಾತ್ರ ನನ್ನ ಬಂಡವಾಳ ಬಯಲಾಯಿತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರಿಗೆ ಬೇಕಾದ್ದು ಪುಟಕ್ಕೆ ಒಂದೆರಡು ಸಾಲು, ದೊಡ್ಡ ಅಕ್ಷರ, ಚಿತ್ರ. ನನ್ನ ಬಳಿ ಇದ್ದದ್ದು? ಮೇಲಿಂದ ಕಟ್ಟುಕಟ್ಟಾಗಿ ಬಂದ ಪುಸ್ತಕಗಳು. ದಪ್ಪ ಸಂಶೋಧನಾ ಗ್ರಂಥ, ಒಂದೇ ಕವನ ಸಂಕಲನದ ಐದು ಪ್ರತಿ. ಟ್ರೈನಿಂಗ್ ಒಂದರಲ್ಲಿ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರ ಬೋರ್ಡಿನ ಮೇಲೆ ಬರೆಸಿದ್ದರು. ಅವರ ಹುಟ್ಟಿದ ದಿನ ಆಗಸ್ಟ್ 12ನ್ನೇ ನಾವು ಗ್ರಂಥಪಾಲಕರ ದಿನ ಅಂತ ಮಾಡುವುದು. ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಅಂತ ಒಂದು ಸೂತ್ರ. ಆ ಐದು ಪ್ರತಿಗೆ ಐದು ಓದುಗರನ್ನು ನಾನು ಈಗಲೂ ಹುಡುಕುತ್ತಿದ್ದೇನೆ.

ಚಿಕ್ಕವರ ಪುಸ್ತಕಕ್ಕೆ ಎರಡು ದಾರಿ ಸಿಕ್ಕಿತು. ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಬಣ್ಣದ ಪ್ರಿಂಟು ದುಬಾರಿ, ಹಾಗಾಗಿ ಕಪ್ಪುಬಿಳುಪು ತೆಗೆದು ಬಣ್ಣ ಮಕ್ಕಳ ಕೈಯಲ್ಲೇ ಹಾಕಿಸಿದೆವು. ಇನ್ನೊಂದು ದಾರಿ, ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಹಬ್ಬಕ್ಕೆ ಬಂದಾಗ ‘ಲೈಬ್ರರಿಗೆ ಏನಾದರೂ ಕೊಡಿಸ್ತೀವಿ’ ಅನ್ನುತ್ತಾರೆ. ಮೊದಲು ‘ನಿಮ್ಮಿಷ್ಟ’ ಅನ್ನುತ್ತಿದ್ದೆ, ಗಡಿಯಾರ ಬರುತ್ತಿತ್ತು. ಈಗ ನಲಿಕಲಿ ಮಿಸ್ ಬರೆದುಕೊಟ್ಟ ಪಟ್ಟಿ ಕೊಡುತ್ತೇನೆ.

ಪುಸ್ತಕ ಜೋಡಿಸುವುದರಲ್ಲೂ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡೆ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರು ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಐದನೇ ಕ್ಲಾಸಿನ ಹುಡುಗ ಒಬ್ಬ ಚೀಟಿ ನೋಡಿ, ‘ಅಕ್ಕಾ, ಇದು ಯಾರ ಫೋನ್ ನಂಬರು? ಅರ್ಧನೇ ಇದೆ’ ಅಂದ. ದೊಡ್ಡವರ ರ್ಯಾಕಿನಲ್ಲಿ ಡ್ಯೂಯಿ ಹಾಗೇ ಇದೆ. ಮಕ್ಕಳ ರ್ಯಾಕಿನಲ್ಲಿ ‘ಪ್ರಾಣಿ’, ‘ಆಕಾಶ’, ‘ರಾಜರು’, ‘ನಗು’ ಅಂತ ರಟ್ಟಿನ ಚೀಟಿ ನಿಲ್ಲಿಸಿದ್ದೇನೆ. ‘ನಗು’ ಯಾವಾಗಲೂ ಖಾಲಿ.

ಪ್ರಾಜೆಕ್ಟ್ ಕಾಲದಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ, ಅದನ್ನೂ ಹೇಳಬೇಕು. ಏಳನೇ ಕ್ಲಾಸಿಗೆ ‘ನಮ್ಮ ಜಿಲ್ಲೆ’ ಅಂತ ಬರೆಯಲು ಕೊಟ್ಟಿದ್ದರು. ಸಾಯಂಕಾಲ ಹಿಂಡುಹಿಂಡಾಗಿ ಬಂದರು. ನನಗೋ ಮಕ್ಕಳು ಬಂದರಲ್ಲ ಅಂತ ಸಂಭ್ರಮ. ಇದ್ದ ಒಂದೇ ಪುಸ್ತಕದ ಸರಿಯಾದ ಪುಟ ತೆಗೆದು ಕೊಟ್ಟೆ. ವಾರದ ಮೇಲೆ ಸಮಾಜದ ಟೀಚರ್ ಬಂದರು, ಕೈಯಲ್ಲಿ ಕಟ್ಟು. ‘ನೋಡಿ ಮೇಡಂ, ಇಪ್ಪತ್ತಾರು ಜನರದ್ದೂ ಒಂದೇ. ಒಬ್ಬಳು ಪುಟದ ನಂಬರನ್ನೂ ಬರೆದಿದ್ದಾಳೆ.’ ಇಬ್ಬರೂ ನಕ್ಕೆವು, ಆದರೆ ನನಗೆ ಒಳಗೇ ನಾಚಿಕೆ. ಓದುಗರ ಸಮಯ ಉಳಿಸಬೇಕು ಅನ್ನುವುದೂ ರಂಗನಾಥನ್ ಸೂತ್ರವೇ. ನಾನು ಸಮಯ ಉಳಿಸಿದ್ದೆ, ಯೋಚನೆಯನ್ನೂ ಉಳಿಸಿಬಿಟ್ಟಿದ್ದೆ.

ಮುಂದಿನ ಸಲ ಟೀಚರ್ ಮತ್ತು ನಾನು ಮೊದಲೇ ಕೂತು ಮಾತಾಡಿದೆವು. ವಿಷಯ ‘ನಮ್ಮೂರ ಕೆರೆ’. ಯಾವ ಪುಸ್ತಕದಲ್ಲೂ ಇಲ್ಲ, ನಕಲು ಮಾಡಲು ಆಗುವುದೇ ಇಲ್ಲ. ನಮ್ಮ ಲೈಬ್ರರಿ ಪಂಚಾಯಿತಿ ಕಟ್ಟಡದಲ್ಲೇ ಇರುವುದು ಇಲ್ಲಿ ಉಪಯೋಗಕ್ಕೆ ಬಂತು. ಪಿಡಿಒ ಅವರನ್ನು ಕೇಳಿ ಮಕ್ಕಳಿಗೆ ಊರಿನ ನಕ್ಷೆ ತೋರಿಸಿದೆ. ಪಹಣಿಯಲ್ಲಿ ಕೆರೆಯ ವಿಸ್ತೀರ್ಣ 12 ಎಕರೆ 27 ಗುಂಟೆ. ಒಬ್ಬಳು ಅದನ್ನು 12.27 ಎಕರೆ ಅಂತ ಬರೆದಳು. ಎಕರೆಗೆ 40 ಗುಂಟೆ ಅಲ್ವಾ, ಹಾಗಾದರೆ 27 ಗುಂಟೆ ಅರ್ಧ ಎಕರೆಗಿಂತ ಜಾಸ್ತಿ. ಗಣಿತದ ಮೇಷ್ಟ್ರು ಅದನ್ನೇ ಹಿಡಿದು ದಶಮಾಂಶದ ಪಾಠ ಮಾಡಿದರು. ಕೋಡಿ ಕೊನೆಯ ಸಲ ಯಾವಾಗ ಬಿದ್ದಿತ್ತು ಅಂತ ಕೇಳಲು ಮಕ್ಕಳು ಬೆಳಿಗ್ಗೆ ಪೇಪರ್ ಓದುವ ಹಿರಿಯರ ಹತ್ತಿರ ಬಂದರು. ನಾಲ್ವರು ನಾಲ್ಕು ವರ್ಷ ಹೇಳಿ ಜಗಳಕ್ಕೇ ನಿಂತರು. ಮಕ್ಕಳು ನಾಲ್ಕನ್ನೂ ಬರೆದುಕೊಂಡರು.

ಆ ಹಿರಿಯರ ಪೇಪರುಗಳೂ ಈಗ ಸ್ಕೂಲಿಗೆ ದುಡಿಯುತ್ತವೆ. ಹಳೇ ಪೇಪರನ್ನು ರದ್ದಿಗೆ ಹಾಕುವ ಮುಂಚೆ ಕತ್ತರಿಸಿ, ಬಳಸದ ಲೆಡ್ಜರುಗಳಲ್ಲಿ ಅಂಟಿಸುತ್ತೇನೆ. ಒಂದು ಮಳೆ-ಬೆಳೆಗೆ, ಒಂದು ವಿಜ್ಞಾನಕ್ಕೆ, ಒಂದು ಸಾಧಕರಿಗೆ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಭಾಷಣ, ಪ್ರಬಂಧದವರು ಇವುಗಳಿಗೆ ಮುಗಿಬೀಳುತ್ತಾರೆ.

ಎಲ್ಲಕ್ಕಿಂತ ಬೇಗ ಹರಿಯುವುದು ಮಾತ್ರ ಪರೀಕ್ಷೆಯ ಫೈಲು. ಐದನೇ ಕ್ಲಾಸಿನವರಿಗೆ ನವೋದಯ, ಮೊರಾರ್ಜಿ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಕೂಲಿ ಮಾಡುವವರ ಮನೆಗೆ ಅದು ಸಣ್ಣ ದುಡ್ಡಲ್ಲ. ಹಳೇ ಪ್ರಶ್ನೆಪತ್ರಿಕೆ ಜೋಡಿಸಿ ಇಟ್ಟಿದ್ದು ಸರಿ, ಆದರೆ ಒಂದು ವರ್ಷ ಚುರುಕಾದ ಹುಡುಗಿಯೊಬ್ಬಳು ಅರ್ಜಿ ಹಾಕಲಾಗದೆ ಉಳಿದಳು. ಆದಾಯ ಪ್ರಮಾಣ ಪತ್ರ ಸಮಯಕ್ಕೆ ಸಿಗಲಿಲ್ಲ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿದೆ ಅಂತ ಕಾಗದದಲ್ಲಿ ಬೇಕಲ್ಲ. ಈಗ ಜೂನ್ ತಿಂಗಳಲ್ಲೇ ಬಾಗಿಲಿಗೆ ಚೀಟಿ ಅಂಟಿಸುತ್ತೇನೆ: ‘ಎಂಟನೇ ಕ್ಲಾಸಿನ ಅಪ್ಪ-ಅಮ್ಮಂದಿರೇ, ನಾಡಕಚೇರಿಗೆ ಈಗಲೇ ಹೋಗಿ.’ ಪುಸ್ತಕಕ್ಕಿಂತ ಆ ಚೀಟಿ ಜಾಸ್ತಿ ಕೆಲಸ ಮಾಡಿದೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಎಸ್‌ಎಸ್‌ಎಲ್‌ಸಿಯವರಿಗೆ ಬೇಕಾದ್ದೇ ಬೇರೆ. ಫೆಬ್ರುವರಿ ಬಂತೆಂದರೆ ಅವರಿಗೆ ಹೊಸ ಪುಸ್ತಕ ಬೇಡ. ಲೈಟು, ಫ್ಯಾನು, ಮೂಲೆಯಲ್ಲಿ ಒಂದು ಕುರ್ಚಿ ಸಾಕು. ಮನೆಯಲ್ಲಿ ಒಂದೇ ಕೋಣೆ, ಅದರಲ್ಲಿ ಟಿವಿ. ನನ್ನ ಅವಧಿ ಮುಗಿದ ಮೇಲೂ ಎಂಟು ಗಂಟೆವರೆಗೆ ತೆರೆದಿಡುತ್ತೇನೆ. ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಒಬ್ಬೊಬ್ಬರನ್ನೇ ಕಳಿಸುವ ಹಾಗಿಲ್ಲ, ಅದಕ್ಕೆ ಅಪ್ಪಂದಿರಿಗೆ ಸರದಿ ಹಾಕಿದ್ದೇವೆ. ಕರೆದೊಯ್ಯಲು ಬಂದ ಅಪ್ಪಂದಿರು ಅರ್ಧ ಗಂಟೆ ಮುಂಚೆಯೇ ಬಂದು ಪೇಪರ್ ತಿರುವುತ್ತಾ ಕೂರುತ್ತಾರೆ. ಅವರಿಗೂ ಕಾರ್ಡ್ ಮಾಡಿಸಿದೆ.

ಮೇಷ್ಟ್ರುಗಳು ತಮಗಾಗಿ ಪುಸ್ತಕ ಒಯ್ಯಲು ಶುರು ಮಾಡಿದ್ದು ಕೊನೆಗೆ. ಸುತ್ತಲಿನ ಸ್ಕೂಲುಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಅವರನ್ನು ಕೇಳಿ, ಆ ಸ್ಕೂಲುಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಹತ್ತು ನಿಮಿಷ ತೆಗೆದುಕೊಂಡಿದ್ದೆ. ಯೋಜನೆ ಗೀಜನೆ ಹೇಳಲಿಲ್ಲ, ಒಂದು ಕ್ರೇಟ್ ಕಾದಂಬರಿ ಮತ್ತು ‘ಬಾಲವಿಜ್ಞಾನ’ದ ಹಳೇ ಸಂಚಿಕೆಗಳನ್ನು ಟೇಬಲ್ ಮೇಲೆ ಇಟ್ಟೆ ಅಷ್ಟೆ. ಊಟದ ಹೊತ್ತಿಗೆ ಕ್ರೇಟ್ ಅರ್ಧ ಖಾಲಿ. ನನ್ನ ತಲೆಗೆ ಬರುತ್ತೆ ಅಂದಿದ್ದ ವಿಜ್ಞಾನದ ಮೇಷ್ಟ್ರು ಒಂದು ಪತ್ತೇದಾರಿ ಕಾದಂಬರಿ ಒಯ್ದು ಎರಡು ತಿಂಗಳಾಯಿತು, ಇನ್ನೂ ವಾಪಸ್ ಕೊಟ್ಟಿಲ್ಲ. ಅವರ ಕ್ಲಾಸಿನ ಮಕ್ಕಳೇ ‘ಸಾರ್, ಅಕ್ಕ ಕೇಳ್ತಿದ್ರು’ ಅಂತ ನೆನಪಿಸುತ್ತಾರಂತೆ.

ಈ ವರ್ಷದ ಪಾಠ ಹಂಚಿಕೆ ಮೊನ್ನೆ ಬಂತು, ಹಳೆಯದರ ಮೇಲೆಯೇ ಅಂಟಿಸಿದ್ದೇನೆ. ಶನಿವಾರಕ್ಕೆ ಮೊದಲ ಕ್ರೇಟ್ ಹೋಗಬೇಕು. ನಲಿಕಲಿ ಮಿಸ್ ಆನೆಯ ಕಥೆ ಎರಡು ಕಾಪಿ ಬೇಕು ಅಂದಿದ್ದಾರೆ. ಇರುವುದು ಒಂದೇ, ಅದರ ಬೆನ್ನೂ ಬಿಟ್ಟುಕೊಂಡಿದೆ. ಇವತ್ತು ರಾತ್ರಿ ಗೋಂದು ಕಾಯಿಸಬೇಕು.