ಗೆಳೆಯರ ಜೊತೆ ಕ್ವಿಜ್ ಸಂಜೆಗೆ ಹೋಗುವುದು ಹೇಗೆ?

ಮೊದಲು ತಂಡ ಕಟ್ಟಿ. ನಾಲ್ಕೂ ಜನ ಕ್ರಿಕೆಟ್ ಹುಚ್ಚರಾದರೆ ಕಷ್ಟ. ಒಬ್ಬರಿಗೆ ಸಿನಿಮಾ, ಒಬ್ಬರಿಗೆ ಇತಿಹಾಸ, ಇನ್ನೊಬ್ಬರಿಗೆ ಅಡುಗೆ ಗೊತ್ತಿರಲಿ. ಬೆಂಗಳೂರಿನಲ್ಲಿದ್ದರೆ 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಓಪನ್ ಕ್ವಿಜ್‌ಗಳಿಗೂ ಹೋಗಿ. ಪಬ್ ಕ್ವಿಜ್‌ಗಿಂತ ಪ್ರಶ್ನೆ ಸ್ವಲ್ಪ ಗಟ್ಟಿ, ನನಗೆ ಅದೇ ಜಾಸ್ತಿ ಇಷ್ಟ.

ಒಳ್ಳೆಯ ಪ್ರಶ್ನೆಗೆ ಬಾಯಿಪಾಠ ಸಾಲದು, ಬಿಡಿಸಬೇಕು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಎಲ್ಲಿಗೆ ಹೋಯಿತು ಎಂದು ಕೇಳಿದರು ಅಂದುಕೊಳ್ಳಿ. ಓದಿದ್ದು ನೆನಪಿಲ್ಲದಿದ್ದರೂ, ಆಗ ಅಷ್ಟೊಂದು ಕರೆಂಟು ಯಾರಿಗೆ ಬೇಕಿತ್ತು, ಅದಕ್ಕೆ ದುಡ್ಡು ಯಾರ ಹತ್ತಿರ ಇತ್ತು ಅಂತ ನಾಲ್ಕೂ ಜನ ಯೋಚಿಸುತ್ತಾ ಹೋದರೆ ಕೋಲಾರದ ಚಿನ್ನದ ಗಣಿ ತಾನಾಗಿಯೇ ಹೊಳೆಯುತ್ತದೆ. ಆ ಕ್ಷಣ ಎಷ್ಟು ಖುಷಿ ಅಲ್ವಾ!

ಪಿಸುಮಾತಿನಲ್ಲೇ ಚರ್ಚಿಸಿ, ಪಕ್ಕದ ಮೇಜಿಗೆ ಕೇಳಿಸಬಾರದು. ಸುಮ್ನೆ ಕೂತ ಗೆಳತಿಯನ್ನು ‘ನಿನಗೇನು ಅನ್ನಿಸುತ್ತೆ’ ಅಂತ ಕೇಳಿ, ಎಷ್ಟೋ ಸಲ ಸರಿಯಾದ ಉತ್ತರ ಅವಳ ಹತ್ತಿರವೇ ಇರುತ್ತದೆ. ಫೋನ್ ಬ್ಯಾಗಿನಲ್ಲೇ ಇರಲಿ. ತಪ್ಪಿಗೆ ಅಂಕ ಕಳೆಯುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಕಳೆಯದಿದ್ದರೆ ಗೊತ್ತಿಲ್ಲದ್ದಕ್ಕೂ ಏನಾದರೂ ಬರೆಯಿರಿ. ಮುಗಿದ ಮೇಲೆ ದೋಸೆ ತಿನ್ನುತ್ತಾ ತಪ್ಪಿದ ಪ್ರಶ್ನೆಗಳನ್ನು ಇನ್ನೊಮ್ಮೆ ಮಾತಾಡಿ.